ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ ಲೈವ್ ಕ್ಯಾಮೆರಾ: ವಿಂಡೋ ಹ್ಯಾಂಗ್ ಆಗದಂತೆ ತೋರಿಸುವುದು ಹೇಗೆ?

ಒಂದು ವಿಂಡೋ. ಅದರೊಳಗೆ ಕ್ಯಾಮೆರಾ ಈ ಕ್ಷಣ ನೋಡುತ್ತಿರುವ ದೃಶ್ಯ. ಕೆಳಗೆ ‘ಫೋಟೋ ತೆಗೆ’, ‘ನಿಲ್ಲಿಸು’ ಅನ್ನುವ ಎರಡು ಬಟನ್. ನಾವು ಮಾಡಲು ಹೊರಟಿರುವ ಆ್ಯಪ್ ಇಷ್ಟೇ.

ಚಿತ್ರ ಬರಿಸುವುದು ಸುಲಭ. ಹತ್ತು ಹದಿನೈದು ಸಾಲು ಕೋಡ್ ಸಾಕು. ಕಷ್ಟ ಶುರುವಾಗುವುದು ಆಮೇಲೆ. ಬಟನ್ ಒತ್ತಿದರೆ ಆ್ಯಪ್ ಕೇಳಿಸಿಕೊಳ್ಳುವುದಿಲ್ಲ. ವಿಂಡೋ ಹಿಡಿದು ಎಳೆದರೆ ಬೆಳ್ಳಗಾಗಿ ನಿಂತುಬಿಡುತ್ತದೆ. ಕ್ಯಾಮೆರಾ ಮುಂದೆ ಕೈ ಬೀಸಿದರೆ ಪರದೆಯ ಮೇಲಿನ ಕೈ ಸ್ವಲ್ಪ ಹೊತ್ತು ಬಿಟ್ಟು ಬೀಸುತ್ತದೆ. ಇವೆಲ್ಲ ಬೇರೆ ಬೇರೆ ತೊಂದರೆ ಅನ್ನಿಸಿದರೂ ಬೇರು ಹೆಚ್ಚುಕಮ್ಮಿ ಒಂದೇ: ವಿಂಡೋ ಮತ್ತು ಕ್ಯಾಮೆರಾ ಒಂದಕ್ಕೊಂದು ಕಾಯುತ್ತಾ ನಿಂತಿವೆ. ಹಾಗೆ ಕಾಯಿಸದೆ ಬರೆಯುವುದನ್ನು ಕಲಿತರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಮುಗಿದ ಹಾಗೆ.

ಏನೇನು ಬೇಕು

ಪೈಥಾನ್ 3 ಇರಲಿ. ಕ್ಯಾಮೆರಾದಿಂದ ಚಿತ್ರ ತರುವುದು ಓಪನ್‌ಸಿವಿ. ವಿಂಡೋ, ಬಟನ್ ಎಲ್ಲ ಟಿಕೆಇಂಟರ್. ಇವೆರಡರ ನಡುವೆ ಚಿತ್ರವನ್ನು ದಾಟಿಸುವುದು ಪಿಲ್ಲೋ. ವಿಂಡೋಸ್‌ನಲ್ಲಿ ಟಿಕೆಇಂಟರ್ ಸಾಮಾನ್ಯವಾಗಿ ಪೈಥಾನ್ ಜೊತೆಗೇ ಬರುತ್ತದೆ. ಉಬುಂಟು, ಡೆಬಿಯನ್‌ಗಳಲ್ಲಿ ಮಾತ್ರ ಅದನ್ನು ಬೇರೆ ಪ್ಯಾಕೇಜ್ ಆಗಿ ಹಾಕಿಕೊಳ್ಳಬೇಕು. ಉಳಿದೆರಡನ್ನು ಪಿಪ್ (ಪೈಥಾನ್‌ನ ಪ್ಯಾಕೇಜ್ ಹಾಕುವ ಸಾಧನ) ಮೂಲಕ ಇನ್‌ಸ್ಟಾಲ್ ಮಾಡಿ. ಒಂದು ಮಾತು ನೆನಪಿರಲಿ: ಪಿಪ್‌ಗೆ ಕೊಡುವ ಹೆಸರು ‘ಓಪನ್‌ಸಿವಿ-ಪೈಥಾನ್’, ಆದರೆ ಕೋಡ್‌ನಲ್ಲಿ ಇಂಪೋರ್ಟ್ ಮಾಡುವಾಗ ಅದು ‘ಸಿವಿ2’. ಪಿಲ್ಲೋ ಕೂಡ ಹಾಗೇ, ಕೋಡ್‌ನಲ್ಲಿ ಅದು ‘ಪಿಐಎಲ್’, ಮೂರೂ ದೊಡ್ಡಕ್ಷರ.

ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತೇನೆ. ಎಡಿಟರ್‌ನಲ್ಲಿ ಮೊದಲ ಎರಡು ಮೂರು ಅಕ್ಷರ ಹೊಡೆದರೆ ಪೂರ್ತಿ ಹೆಸರನ್ನು ಅದೇ ತೋರಿಸುತ್ತದೆ.

ನೀವು ಪೈಕ್ಯೂಟಿ ಅಥವಾ ಸಿ ಶಾರ್ಪ್‌ನಲ್ಲಿ ಬರೆಯುವವರಾದರೂ ಮುಂದೆ ಹೇಳುವ ಕ್ರಮ ಬದಲಾಗುವುದಿಲ್ಲ. ಟೈಮರ್‌ನ ಹೆಸರು, ಥ್ರೆಡ್ (ಒಂದೇ ಆ್ಯಪ್ ಒಳಗೆ ಪಕ್ಕದಲ್ಲಿ ಬೇರೆಯಾಗಿ ಓಡುವ ಕೆಲಸದ ಸಾಲು) ಶುರು ಮಾಡುವ ರೀತಿ ಬೇರೆ, ಅಷ್ಟೇ.

ಹಂತ 1: ಮೊದಲು ಕ್ಯಾಮೆರಾ ಒಂದನ್ನೇ ನೋಡಿ

ವಿಂಡೋ ಬರೆಯುವ ಮೊದಲು, ಕ್ಯಾಮೆರಾ ಮಾತು ಕೇಳುತ್ತಿದೆಯಾ ಅಂತ ತಿಳಿಯಬೇಕು. ಸಿವಿ2ನ ವಿಡಿಯೋಕ್ಯಾಪ್ಚರ್‌ಗೆ 0 ಕೊಟ್ಟು ಕರೆಯಿರಿ. 0 ಅಂದರೆ ಕಂಪ್ಯೂಟರ್‌ಗೆ ಸಿಕ್ಕ ಮೊದಲ ಕ್ಯಾಮೆರಾ. ಆಮೇಲೆ ಈಸ್‌ಓಪನ್ಡ್ ಕರೆದು ನೋಡಿ. ಕ್ಯಾಮೆರಾ ಸಿಗದಿದ್ದರೆ ಓಪನ್‌ಸಿವಿ ಮಾಮೂಲಿಯಾಗಿ ಎರರ್ ಎಸೆದು ನಿಲ್ಲುವುದಿಲ್ಲ, ಸುಮ್ನೆ ಮುಂದೆ ಹೋಗುತ್ತದೆ. ಹಾಗಾಗಿ ಈ ಪರೀಕ್ಷೆ ಬಿಡಬೇಡಿ.

ಈಗ ರೀಡ್ ಕರೆಯಿರಿ. ಅದು ಎರಡು ವಸ್ತು ಕೊಡುತ್ತದೆ. ಒಂದು, ಫ್ರೇಮ್ (ವಿಡಿಯೋದ ಒಂದು ಬಿಡಿ ಚಿತ್ರ) ಸಿಕ್ಕಿತೋ ಇಲ್ಲವೋ ಅನ್ನುವ ಹೌದು-ಅಲ್ಲ. ಇನ್ನೊಂದು, ಫ್ರೇಮ್. ಮೊದಲನೆಯದನ್ನು ನೋಡದೆ ಎರಡನೆಯದನ್ನು ಮುಟ್ಟಬಾರದು. ಫ್ರೇಮ್‌ನ ಶೇಪ್ ಪ್ರಿಂಟ್ ಮಾಡಿದರೆ 480, 640, 3 ಅನ್ನುವಂಥ ಮೂರು ಸಂಖ್ಯೆ ಬರುತ್ತವೆ. ಗಮನಿಸಿ, ಎತ್ತರ ಮೊದಲು, ಅಗಲ ಆಮೇಲೆ, ಕೊನೆಯ 3 ಅಂದರೆ ಮೂರು ಬಣ್ಣ. ಮುಂದೆ ಇದು ಒಂದು ಕಡೆ ತಲೆ ತಿನ್ನುತ್ತದೆ.

ಮೊದಲ ಕೆಲವು ಫ್ರೇಮ್ ಕಪ್ಪಾಗಿ ಬಂದರೆ ಗಾಬರಿ ಬೇಡ. ಎಷ್ಟು ಬೆಳಕು ಒಳಗೆ ಬಿಡಬೇಕು ಅಂತ ಕ್ಯಾಮೆರಾ ಇನ್ನೂ ಅಂದಾಜು ಮಾಡುತ್ತಿರುತ್ತದೆ. ಹತ್ತಿಪ್ಪತ್ತು ಫ್ರೇಮ್ ಓದಿ ಬಿಸಾಡಿ, ಆಮೇಲೆ ನೋಡಿ.

ಆಗಲೂ ಕಪ್ಪೇ ಇದ್ದರೆ, ಅಥವಾ ಕ್ಯಾಮೆರಾ ತೆರೆಯಲೇ ಇಲ್ಲ ಅಂದರೆ, ಕೋಡ್ ತಿದ್ದುವ ಮೊದಲು ಅನುಮತಿ ನೋಡಿ. ವಿಂಡೋಸ್ 10 ಮತ್ತು 11ರ ಪ್ರೈವೆಸಿ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾಗೆ ಅಂತ ಒಂದು ಪುಟ ಇದೆ. ಅದರಲ್ಲಿ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಬೇರೆಯದೇ ಸ್ವಿಚ್ ಇರುತ್ತದೆ. ಮೇಲಿನ ಸ್ವಿಚ್ ಆನ್ ಇದ್ದು ಇದೊಂದು ಆಫ್ ಆಗಿರುವುದು ಮಾಮೂಲಿ. ಮ್ಯಾಕ್‌ನಲ್ಲಿ 2018ರ ಮೊಹಾವಿಯಿಂದ ಈಚೆಗೆ ಪ್ರತಿ ಆ್ಯಪ್‌ಗೂ ಅನುಮತಿ ಬೇಕು. ಅಲ್ಲಿ ಅನುಮತಿ ಕೊಡಬೇಕಾದದ್ದು ನಿಮ್ಮ ಸ್ಕ್ರಿಪ್ಟ್‌ಗೆ ಅಲ್ಲ, ಅದನ್ನು ಓಡಿಸುತ್ತಿರುವ ಟರ್ಮಿನಲ್‌ಗೋ ಎಡಿಟರ್‌ಗೋ. ಲಿನಕ್ಸ್ ಆದರೆ ನಿಮ್ಮ ಯೂಸರ್ ‘ವಿಡಿಯೋ’ ಗುಂಪಿನಲ್ಲಿ ಇದ್ದಾರಾ ನೋಡಿ. ಎಲ್ಲ ಸರಿ ಇದ್ದರೆ, ಬೇರೆ ಯಾವುದೋ ಮೀಟಿಂಗ್ ಆ್ಯಪ್ ಹಿಂದೆ ಕೂತು ಕ್ಯಾಮೆರಾ ಹಿಡಿದುಕೊಂಡಿರಬಹುದು. ಅದನ್ನು ಮುಚ್ಚಿ ಮತ್ತೆ ಓಡಿಸಿ.

ಎರಡು ಸಣ್ಣ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಲಿನಕ್ಸ್‌ನಲ್ಲಿ ಒಂದೇ ಕ್ಯಾಮೆರಾಗೆ 0 ಮತ್ತು 1 ಎರಡೂ ನಂಬರ್ ಸಿಕ್ಕಿರುವುದುಂಟು, ಚಿತ್ರ ಬರುವುದು ಒಂದರಲ್ಲಿ ಮಾತ್ರ. ಎರಡನೇ ಕ್ಯಾಮೆರಾ ಚುಚ್ಚಿದಾಗ ಅದು 1 ಅಲ್ಲ, 2 ಆಗಿರಬಹುದು. ಇನ್ನು ವಿಂಡೋಸ್‌ನಲ್ಲಿ ಕ್ಯಾಮೆರಾ ತೆರೆಯಲು ತುಂಬಾ ಹೊತ್ತು ಹಿಡಿದರೆ, ವಿಡಿಯೋಕ್ಯಾಪ್ಚರ್‌ಗೆ ಎರಡನೇ ಆರ್ಗ್ಯುಮೆಂಟ್ ಆಗಿ ಕ್ಯಾಪ್_ಡಿಶೋ ಕೊಡಿ. ಆಗ ಓಪನ್‌ಸಿವಿ ಮೀಡಿಯಾ ಫೌಂಡೇಶನ್ ಬಿಟ್ಟು ಡೈರೆಕ್ಟ್‌ಶೋ ದಾರಿ ಹಿಡಿಯುತ್ತದೆ. ಎಷ್ಟೋ ಕ್ಯಾಮೆರಾಗಳು ಈ ದಾರಿಯಲ್ಲಿ ಬೇಗ ತೆರೆದುಕೊಳ್ಳುತ್ತವೆ.

ಹಂತ 2: ವಿಂಡೋ ಒಳಗೆ ಚಿತ್ರ

ಟಿಕೆಇಂಟರ್ ವಿಂಡೋ ಮಾಡಿ, ಒಳಗೆ ಒಂದು ಲೇಬಲ್ ಇಡಿ. ಚಿತ್ರ ಕೂರುವುದು ಆ ಲೇಬಲ್ ಮೇಲೆ. ಒಂದು ಫ್ರೇಮ್ ಅಲ್ಲಿಗೆ ತಲುಪುವ ದಾರಿ ಹೀಗಿದೆ: ರೀಡ್‌ನಿಂದ ಫ್ರೇಮ್ ಬರುತ್ತದೆ, ಸಿವಿಟಿಕಲರ್ ಅದರ ಬಣ್ಣದ ಕ್ರಮ ಬದಲಿಸುತ್ತದೆ, ಪಿಲ್ಲೋದ ಇಮೇಜ್.ಫ್ರಮ್‌ಅರೇ ಅದನ್ನು ಚಿತ್ರ ಮಾಡುತ್ತದೆ, ಇಮೇಜ್‌ಟಿಕೆಯ ಫೋಟೋಇಮೇಜ್ ಅದನ್ನು ಟಿಕೆಇಂಟರ್‌ಗೆ ಅರ್ಥವಾಗುವ ರೂಪಕ್ಕೆ ತರುತ್ತದೆ.

ಬಣ್ಣದ ಕ್ರಮ ಯಾಕೆ ಬದಲಿಸಬೇಕು? ಓಪನ್‌ಸಿವಿ ಪ್ರತಿ ಚುಕ್ಕಿಯನ್ನೂ (ಪಿಕ್ಸೆಲ್) ನೀಲಿ, ಹಸಿರು, ಕೆಂಪು ಅನ್ನುವ ಕ್ರಮದಲ್ಲಿ ಇಡುತ್ತದೆ. ಪಿಲ್ಲೋ ಓದುವುದು ಕೆಂಪು, ಹಸಿರು, ನೀಲಿ ಅಂತ. ಈ ಹಂತ ಬಿಟ್ಟರೆ ಮುಖ ನೀಲಿಯಾಗಿ ಕಾಣುತ್ತದೆ. ಬಣ್ಣ ಕೆಟ್ಟಿದೆ ಅಂತ ಕ್ಯಾಮೆರಾದ ಸೆಟ್ಟಿಂಗ್ ಹುಡುಕುತ್ತಾ ಹೋಗಬೇಡಿ, ಈ ಒಂದು ಸಾಲು ಇದೆಯಾ ನೋಡಿ.

ಈಗ ಇದು ಮತ್ತೆ ಮತ್ತೆ ನಡೆಯಬೇಕು. ಎಲ್ಲರಿಗೂ ಮೊದಲು ಹೊಳೆಯುವುದು ವೈಲ್ ಲೂಪ್, ಅಲ್ವಾ? ಅದೇ ತಪ್ಪು. ಟಿಕೆಇಂಟರ್‌ನ ಮೇನ್‌ಲೂಪ್ ಆಗಲೇ ಒಂದು ಲೂಪ್. ಮೌಸ್ ಎಲ್ಲಿ ಒತ್ತಿತು, ವಿಂಡೋ ಎಷ್ಟು ದೊಡ್ಡದಾಯಿತು, ಯಾವ ಜಾಗ ಮತ್ತೆ ಬರೆಯಬೇಕು ಅಂತ ನೋಡಿಕೊಳ್ಳುವುದು ಅದೇ. ನೀವು ನಿಮ್ಮದೇ ಲೂಪ್ ಒಳಗೆ ಸುತ್ತುತ್ತಾ ಇದ್ದರೆ ಅದಕ್ಕೆ ಸರದಿಯೇ ಬರುವುದಿಲ್ಲ.

ಅದರ ಬದಲು ಆಫ್ಟರ್ ಬಳಸಿ. ‘15 ಮಿಲಿಸೆಕೆಂಡ್ ಬಿಟ್ಟು ಈ ಫಂಕ್ಷನ್ ಕರೆ’ ಅಂತ ಟಿಕೆಇಂಟರ್‌ಗೆ ಹೇಳುವ ವಿಧಾನ ಇದು. ನಿಮ್ಮ ಫಂಕ್ಷನ್ ಒಂದು ಫ್ರೇಮ್ ತೋರಿಸಿ, ಕೊನೆಯಲ್ಲಿ ತನ್ನನ್ನೇ ಮತ್ತೆ ಆಫ್ಟರ್‌ಗೆ ಕೊಟ್ಟು ಮುಗಿಯುತ್ತದೆ. ನಡುವೆ ಸಿಗುವ ಬಿಡುವಿನಲ್ಲಿ ಬಟನ್‌ಗಳು ಕೆಲಸ ಮಾಡುತ್ತವೆ. ಆಫ್ಟರ್‌ಗೆ ಫಂಕ್ಷನ್‌ನ ಹೆಸರು ಮಾತ್ರ ಕೊಡಬೇಕು, ಮುಂದೆ ಕಂಸ ಹಾಕಬಾರದು. ಕಂಸ ಹಾಕಿದರೆ ಪೈಥಾನ್ ಅದನ್ನು ಆಗಲೇ ಕರೆದುಬಿಡುತ್ತದೆ, ಅದು ಮತ್ತೆ ತನ್ನನ್ನೇ ಕರೆಯುತ್ತದೆ, ಸ್ವಲ್ಪ ಹೊತ್ತಿಗೆ ರಿಕರ್ಷನ್ ಎರರ್. ಫ್ರೇಮ್ ಸಿಗದೇ ಹೋದಾಗಲೂ ಆಫ್ಟರ್ ಸಾಲು ಓಡಲೇಬೇಕು. ಅದು ‘ಫ್ರೇಮ್ ಸಿಕ್ಕಿದರೆ’ ಅನ್ನುವ ಇಫ್ ಒಳಗೆ ಸೇರಿಕೊಂಡರೆ, ಒಂದೇ ಒಂದು ಫ್ರೇಮ್ ತಪ್ಪಿದರೂ ವಿಡಿಯೋ ಅಲ್ಲಿಗೆ ನಿಂತುಹೋಗುತ್ತದೆ.

ಇಷ್ಟು ಬರೆದು ಓಡಿಸಿದರೆ ಲೇಬಲ್ ಖಾಲಿ ಇರಬಹುದು. ಎರರ್ ಇಲ್ಲ, ಚಿತ್ರವೂ ಇಲ್ಲ. ಇದು ಟಿಕೆಇಂಟರ್‌ನಲ್ಲಿ ತುಂಬಾ ಜನರ ಸಮಯ ತಿನ್ನುವ ಜಾಗ. ಫೋಟೋಇಮೇಜ್ ಅನ್ನು ನೀವು ಫಂಕ್ಷನ್ ಒಳಗಿನ ವೇರಿಯಬಲ್‌ನಲ್ಲಿ ಇಟ್ಟಿದ್ದೀರಿ. ಫಂಕ್ಷನ್ ಮುಗಿದ ಕೂಡಲೇ ಆ ವೇರಿಯಬಲ್ ಹೋಯಿತು, ಜೊತೆಗೆ ಚಿತ್ರವೂ. ಲೇಬಲ್ ತಾನಾಗಿ ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಲೇಬಲ್.ಇಮೇಜ್ ಅಂತ ಒಂದು ಹೆಸರು ಕೊಟ್ಟು ಚಿತ್ರವನ್ನು ಅದಕ್ಕೆ ಅಂಟಿಸಿ. ಮುಂದಿನ ಫ್ರೇಮ್ ಬರುವವರೆಗೆ ಅದು ಅಲ್ಲಿ ಉಳಿಯುತ್ತದೆ.

ಮುಖ ತೋರಿಸುವ ಆ್ಯಪ್ ಆದರೆ ಫ್ಲಿಪ್‌ಗೆ 1 ಕೊಟ್ಟು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿ. ಅಕ್ಷರ ಓದಬೇಕಾದ ಆ್ಯಪ್ ಆದರೆ ತಿರುಗಿಸಬೇಡಿ.

ಹಂತ 3: ಕ್ಯಾಮೆರಾವನ್ನು ಬೇರೆ ಥ್ರೆಡ್‌ಗೆ ಕಳಿಸಿ

ಸುಮ್ನೆ ಒಂದು ಪ್ರಯೋಗಕ್ಕೆ ಬರೆಯುತ್ತಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಬೇರೆಯವರು ಬಳಸುವ ಆ್ಯಪ್ ಆದರೆ ನಿಲ್ಲಿಸಬೇಡಿ.

ರೀಡ್ ಅನ್ನುವುದು ಕಾಯುವ ಫಂಕ್ಷನ್. ಸೆಕೆಂಡ್‌ಗೆ 30 ಫ್ರೇಮ್ ಕೊಡುವ ಕ್ಯಾಮೆರಾದಲ್ಲಿ ಎರಡು ಫ್ರೇಮ್ ನಡುವೆ ಸುಮಾರು 33 ಮಿಲಿಸೆಕೆಂಡ್ ಅಂತರ ಇರುತ್ತದೆ. ಹೊಸ ಫ್ರೇಮ್ ಬರುವವರೆಗೆ ರೀಡ್ ಅಲ್ಲೇ ನಿಂತಿರುತ್ತದೆ, ಅದರ ಜೊತೆ ನಿಮ್ಮ ಇಡೀ ವಿಂಡೋ ಕೂಡ. ಕೋಣೆಯಲ್ಲಿ ಬೆಳಕು ಕಮ್ಮಿ ಆದರೆ ಎಷ್ಟೋ ವೆಬ್‌ಕ್ಯಾಮ್‌ಗಳು ಹೆಚ್ಚು ಹೊತ್ತು ಬೆಳಕು ಹಿಡಿಯಲು ತಾವಾಗಿಯೇ ವೇಗ ಇಳಿಸುತ್ತವೆ. 30 ಇದ್ದದ್ದು 15 ಆಗುತ್ತದೆ, ಕಾಯುವಿಕೆ ಎರಡು ಪಟ್ಟಾಗುತ್ತದೆ. ಹಗಲು ಚುರುಕಾಗಿದ್ದ ಆ್ಯಪ್ ರಾತ್ರಿ ಎಳೆದಾಡುವುದಕ್ಕೆ ಇದೇ ಕಾರಣ ಇರಬಹುದು. ಇನ್ನು ಕ್ಯಾಮೆರಾ ತೆರೆಯುವ ಕೆಲಸಕ್ಕೆ ಒಂದೆರಡು ಸೆಕೆಂಡ್ ಹಿಡಿಯಬಹುದು. ಅಷ್ಟೂ ಹೊತ್ತು ವಿಂಡೋ ಸತ್ತಂತೆ ಬಿದ್ದಿರುತ್ತದೆ.

ಹಾಗಾಗಿ ಕೆಲಸ ಹಂಚಿ. ಒಂದು ಥ್ರೆಡ್ ಕ್ಯಾಮೆರಾ ತೆರೆಯುತ್ತದೆ, ಬಿಡುವಿಲ್ಲದೆ ರೀಡ್ ಮಾಡುತ್ತಾ ಇರುತ್ತದೆ, ಸಿಕ್ಕ ಫ್ರೇಮನ್ನು ‘ಇತ್ತೀಚಿನ ಫ್ರೇಮ್’ ಅನ್ನುವ ಒಂದೇ ವೇರಿಯಬಲ್‌ಗೆ ಹಾಕುತ್ತದೆ. ಹಳೆಯದರ ಮೇಲೇ ಹೊಸದು. ವಿಂಡೋದ ಆಫ್ಟರ್ ಫಂಕ್ಷನ್ ತನ್ನ ಪಾಡಿಗೆ ಬಂದು, ಅಲ್ಲಿ ಏನಿದೆಯೋ ಅದನ್ನು ಎತ್ತಿಕೊಂಡು ತೋರಿಸುತ್ತದೆ. ಇಬ್ಬರೂ ಒಟ್ಟಿಗೆ ಮುಟ್ಟದಂತೆ ಒಂದು ಲಾಕ್ ಇರಲಿ. ಲಾಕ್ ಹಿಡಿದು ಮಾಡಬೇಕಾದದ್ದು ಇಡುವುದು, ಎತ್ತುವುದು ಎರಡೇ. ಬಣ್ಣ ಬದಲಿಸುವಂಥ ದೊಡ್ಡ ಕೆಲಸವನ್ನೆಲ್ಲ ಲಾಕ್ ಹೊರಗೆ ಮಾಡಿ. ಫ್ರೇಮ್ ಜೊತೆ ಒಂದು ಕ್ರಮಸಂಖ್ಯೆ ಕೂಡ ಇಟ್ಟರೆ ಒಳ್ಳೆಯದು. ಹೋದ ಸಲದ ಸಂಖ್ಯೆಯೇ ಇದ್ದರೆ ವಿಂಡೋ ಅದೇ ಚಿತ್ರವನ್ನು ಮತ್ತೆ ಬರೆಯುವ ಶ್ರಮ ತಪ್ಪುತ್ತದೆ.

ಕ್ಯೂ ಮಾಡಿ ಎಲ್ಲ ಫ್ರೇಮ್‌ಗಳನ್ನೂ ಸಾಲಾಗಿ ಇಟ್ಟರೆ ಆಗುವುದಿಲ್ಲವಾ ಅಂತ ಕೆಲವರು ಕೇಳುತ್ತಾರೆ. ರೆಕಾರ್ಡ್ ಮಾಡುವುದಾದರೆ ಸರಿ. ಲೈವ್ ತೋರಿಸುವುದಕ್ಕೆ ಬೇಡ. ಮನೆಗೆ ಬಂದ ಪೇಪರ್‌ಗಳಲ್ಲಿ ಹೋದ ವಾರದ ಕಟ್ಟನ್ನು ಮೊದಲು ಓದಿ ಮುಗಿಸಿ, ಆಮೇಲೆ ಇವತ್ತಿನದನ್ನು ತೆಗೆಯುವವರು ಯಾರೂ ಇಲ್ಲ. ವಿಂಡೋ ಸ್ವಲ್ಪ ನಿಧಾನವಾದರೂ ಕ್ಯೂ ಬೆಳೆಯುತ್ತಾ ಹೋಗುತ್ತದೆ, ನೀವು ನೋಡುವುದು ಹಳೆಯ ದೃಶ್ಯ ಆಗುತ್ತದೆ. ಲೈವ್ ಅಂದರೆ ಎಲ್ಲ ಫ್ರೇಮ್ ತೋರಿಸುವುದಲ್ಲ, ಹೊಸ ಫ್ರೇಮ್ ತೋರಿಸುವುದು. ಹಳೆಯದನ್ನು ಬಿಟ್ಟುಬಿಡಲು ಹಿಂಜರಿಯಬೇಡಿ.

ಕ್ಯಾಮೆರಾದ ಡ್ರೈವರ್ ಕೂಡ ತನ್ನೊಳಗೆ ಕೆಲವು ಫ್ರೇಮ್ ಕೂಡಿಟ್ಟುಕೊಳ್ಳುತ್ತದೆ. ನೀವು ಓದುವುದು ನಿಧಾನವಾದರೆ ಆ ಹಳೆಯ ಫ್ರೇಮ್‌ಗಳೇ ಮೊದಲು ಕೈಗೆ ಸಿಗುತ್ತವೆ. ಥ್ರೆಡ್ ಬಿಡುವಿಲ್ಲದೆ ಓದುತ್ತಿದ್ದರೆ ಈ ರಾಶಿಯೂ ಕರಗುತ್ತದೆ. ಎಷ್ಟು ತಡವಾಗುತ್ತಿದೆ ಅಂತ ಅಳೆಯುವುದು ಸುಲಭ. ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾ ಮುಂದೆ ಹಿಡಿಯಿರಿ. ಮೊಬೈಲ್ ಮತ್ತು ನಿಮ್ಮ ಆ್ಯಪ್ ಎರಡೂ ಕಾಣುವಂತೆ ಇನ್ನೊಂದು ಮೊಬೈಲ್‌ನಿಂದ ಒಂದು ಫೋಟೋ ತೆಗೆಯಿರಿ. ಎರಡು ಸಮಯಗಳ ವ್ಯತ್ಯಾಸವೇ ನಿಮ್ಮ ಆ್ಯಪ್‌ನ ತಡ. ಏನೇ ಬದಲಾವಣೆ ಮಾಡಿದರೂ ಇದನ್ನು ಮತ್ತೊಮ್ಮೆ ಅಳೆಯಿರಿ, ಕಣ್ಣಂದಾಜು ನಂಬಬೇಡಿ.

ಒಂದು ನಿಯಮ ಮೀರಬಾರದು: ಕ್ಯಾಮೆರಾ ಥ್ರೆಡ್‌ನಿಂದ ಲೇಬಲ್ ಆಗಲಿ ಬಟನ್ ಆಗಲಿ ಮುಟ್ಟಬೇಡಿ. ವಿಂಡೋಗೆ ಸೇರಿದ್ದನ್ನೆಲ್ಲ ಮುಖ್ಯ ಥ್ರೆಡ್ ಮಾತ್ರ ಬದಲಿಸಲಿ. ಮೀರಿದರೂ ಕೆಲವು ಸಲ ಆ್ಯಪ್ ಓಡುತ್ತದೆ, ಅದಕ್ಕೇ ಇದು ಜಾಸ್ತಿ ಅಪಾಯ. ನಿಮ್ಮ ಕಂಪ್ಯೂಟರ್‌ನಲ್ಲಿ ಓಡಿದ್ದು ಬೇರೆಯವರ ಕಡೆ ಮುಚ್ಚಿಕೊಳ್ಳುತ್ತದೆ. ‘ಕ್ಯಾಮೆರಾ ಸಿಗಲಿಲ್ಲ’ ಅಂತ ಥ್ರೆಡ್ ಹೇಳಬೇಕಿದ್ದರೆ ಅದನ್ನೂ ಒಂದು ವೇರಿಯಬಲ್‌ನಲ್ಲಿ ಬರೆದಿಡಲಿ. ವಿಂಡೋ ಬಂದು ಓದಿ ತೋರಿಸುತ್ತದೆ.

ಹಂತ 4: ಎಷ್ಟು ದೊಡ್ಡ ಚಿತ್ರ?

1991ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬ್‌ನವರು ಟ್ರೋಜನ್ ರೂಮ್ ಅನ್ನುವ ಕೋಣೆಯ ಹತ್ತಿರ ಇದ್ದ ಕಾಫಿ ಪಾತ್ರೆಗೆ ಒಂದು ಕ್ಯಾಮೆರಾ ತಿರುಗಿಸಿ ಇಟ್ಟರು. ಪಾತ್ರೆಯಲ್ಲಿ ಕಾಫಿ ಇದೆಯಾ ಅಂತ ಕೂತಲ್ಲೇ ನೋಡಲು ಎಕ್ಸ್‌ಕಾಫಿ ಅನ್ನುವ ಪುಟ್ಟ ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆದರು. ಆ ಚಿತ್ರ ವೆಬ್‌ಗೆ ಬಂದಿದ್ದು 1993ರಲ್ಲಿ. ನಾವು ಈಗ ಮಾಡುತ್ತಿರುವುದೂ ಅದೇ ಜಾತಿಯ ಆ್ಯಪ್. ಅವರ ಚಿತ್ರ 128×128 ಚುಕ್ಕಿಯದು, ಬಣ್ಣವಿಲ್ಲ, ನಿಮಿಷಕ್ಕೆ ಕೆಲವೇ ಸಲ ಬದಲಾಗುತ್ತಿತ್ತು. ಅವರ ಕೆಲಸಕ್ಕೆ ಅಷ್ಟು ಸಾಕಿತ್ತು. ನಿಮ್ಮ ಆ್ಯಪ್‌ಗೂ ಎಷ್ಟು ಸಾಕು ಅಂತ ಮೊದಲು ಕೇಳಿಕೊಳ್ಳಿ.

ಲೆಕ್ಕ ಹಾಕಿ ನೋಡಿ. ಒಂದು ಚುಕ್ಕಿಗೆ 3 ಬೈಟ್‌ನಂತೆ 640×480ರ ಒಂದು ಬಣ್ಣದ ಫ್ರೇಮ್ 9,21,600 ಬೈಟ್. ಸೆಕೆಂಡ್‌ಗೆ 30 ಅಂದರೆ ಸುಮಾರು 27 ಎಂಬಿ. 1920×1080 ಆದರೆ ಸೆಕೆಂಡ್‌ಗೆ ಸುಮಾರು 186 ಎಂಬಿ. ಇಷ್ಟನ್ನೂ ಬಣ್ಣ ಬದಲಿಸಿ, ಪಿಲ್ಲೋ ದಾಟಿಸಿ, ಟಿಕೆಇಂಟರ್‌ಗೆ ಕೊಡಬೇಕು. ಟಿಕೆಇಂಟರ್ ಇದಕ್ಕೆ ಅಂತ ಮಾಡಿದ್ದಲ್ಲ. ನನ್ನ ಸಲಹೆ, 640×480ರಿಂದ ಶುರು ಮಾಡಿ, ನಿಜವಾಗಿ ಬೇಕಾದರೆ ಮಾತ್ರ ಮೇಲೆ ಹೋಗಿ.

ಅಳತೆ ಬದಲಿಸಲು ಸೆಟ್ ಬಳಸುತ್ತೇವೆ. ಆದರೆ ಸೆಟ್ ಅಂದರೆ ಬರೀ ಕೋರಿಕೆ. ಕೇಳಿದ ಅಳತೆ ಇಲ್ಲದಿದ್ದರೆ ಕ್ಯಾಮೆರಾ ತನ್ನ ಹತ್ತಿರ ಇರುವ ಬೇರೆ ಅಳತೆ ಕೊಟ್ಟು ಸುಮ್ಮನಿರುತ್ತದೆ. ಗೆಟ್ ಮಾಡಿ ನಿಜವಾಗಿ ಏನು ಸಿಕ್ಕಿತು ನೋಡಿ, ಅದನ್ನೇ ನಂಬಿ.

1280×720ಕ್ಕೆ ಏರಿಸಿದ ಕೂಡಲೇ ವಿಡಿಯೋ ಸೆಕೆಂಡ್‌ಗೆ ಹತ್ತು ಫ್ರೇಮ್‌ಗೆ ಕುಸಿದರೆ ಕಾರಣ ಯುಎಸ್‌ಬಿ ಕೇಬಲ್ ಕಡೆ ಹುಡುಕಿ. ಕ್ಯಾಮೆರಾ ಕುಗ್ಗಿಸದೆ ಕಳಿಸುವ ಮಾಮೂಲಿ ರೂಪದಲ್ಲಿ ಒಂದು ಚುಕ್ಕಿಗೆ 2 ಬೈಟ್. 1280×720, ಸೆಕೆಂಡ್‌ಗೆ 30 ಅಂದರೆ 55 ಎಂಬಿ. ಯುಎಸ್‌ಬಿ 2.0 ಕಾಗದದ ಮೇಲೆಯೇ ಸೆಕೆಂಡ್‌ಗೆ 60 ಎಂಬಿ, ಕೈಗೆ ಸಿಗುವುದು ಅದಕ್ಕಿಂತ ಎಷ್ಟೋ ಕಮ್ಮಿ. ಹಾಗಾಗಿ ಕ್ಯಾಮೆರಾ ವೇಗ ಇಳಿಸುತ್ತದೆ. ಫೋರ್‌ಸಿಸಿ ಅನ್ನುವ ಸೆಟ್ಟಿಂಗ್‌ಗೆ ಎಂ-ಜೆ-ಪಿ-ಜಿ ಕೊಡಿ. ಆಗ ಪ್ರತಿ ಫ್ರೇಮನ್ನೂ ಕ್ಯಾಮೆರಾ ಜೆಪೆಗ್ ಆಗಿ ಕುಗ್ಗಿಸಿ ಕಳಿಸುತ್ತದೆ, ಅದೇ ಕೇಬಲ್‌ನಲ್ಲಿ 30 ಫ್ರೇಮ್ ಬರುತ್ತದೆ. ಕುಗ್ಗಿಸಿದ್ದನ್ನು ಬಿಚ್ಚಲು ಪ್ರೊಸೆಸರ್ ಸ್ವಲ್ಪ ಜಾಸ್ತಿ ದುಡಿಯಬೇಕು, ಆದರೂ ಲಾಭವೇ.

ವಿಂಡೋ ದೊಡ್ಡದಾದರೆ ಚಿತ್ರವೂ ದೊಡ್ಡದಾಗಲಿ ಅನ್ನಿಸುವುದು ಸಹಜ. ಅದಕ್ಕೆ ಲೇಬಲ್ ಬದಲು ಕ್ಯಾನ್‌ವಾಸ್ ಬಳಸಿ. ಲೇಬಲ್ ತನ್ನೊಳಗಿನ ಚಿತ್ರದಷ್ಟೇ ಹಿಗ್ಗುತ್ತದೆ. ನೀವು ಲೇಬಲ್ ಅಳತೆ ನೋಡಿ ಚಿತ್ರ ಹಿಗ್ಗಿಸುತ್ತೀರಿ, ಚಿತ್ರ ನೋಡಿ ಲೇಬಲ್ ಒಂದೆರಡು ಚುಕ್ಕಿ ಜಾಸ್ತಿ ಹಿಗ್ಗುತ್ತದೆ, ವಿಂಡೋ ತಾನಾಗಿ ಬೆಳೆಯುತ್ತಾ ಪರದೆ ದಾಟಿ ಹೋಗುತ್ತದೆ. ಕ್ಯಾನ್‌ವಾಸ್‌ಗೆ ಈ ಚಾಳಿ ಇಲ್ಲ. ಕ್ಯಾನ್‌ವಾಸ್‌ನ ಅಗಲವನ್ನು ಚಿತ್ರದ ಅಗಲದಿಂದ, ಎತ್ತರವನ್ನು ಎತ್ತರದಿಂದ ಭಾಗಿಸಿ, ಬಂದದ್ದರಲ್ಲಿ ಯಾವುದು ಚಿಕ್ಕದೋ ಅದರಿಂದ ಚಿತ್ರದ ಅಗಲ, ಎತ್ತರ ಎರಡನ್ನೂ ಗುಣಿಸಿದರೆ ಮುಖ ಉದ್ದುದ್ದ ಆಗುವುದಿಲ್ಲ. ರೀಸೈಜ್‌ಗೆ ಮಾತ್ರ ಅಗಲ ಮೊದಲು, ಎತ್ತರ ಆಮೇಲೆ ಕೊಡಬೇಕು, ಶೇಪ್‌ಗೆ ತಲೆಕೆಳಗು. ಚಿಕ್ಕದು ಮಾಡುವುದಿದ್ದರೆ ಮೊದಲು ಚಿಕ್ಕದು ಮಾಡಿ, ಆಮೇಲೆ ಬಣ್ಣ ಬದಲಿಸಿ. ಕೆಲಸ ಉಳಿಯುತ್ತದೆ.

ಹಂತ 5: ಫೋಟೋ ಬಟನ್

ಇತ್ತೀಚಿನ ಫ್ರೇಮನ್ನು ಇಮ್‌ರೈಟ್‌ಗೆ ಕೊಟ್ಟರೆ ಫೈಲ್ ಆಗುತ್ತದೆ. ಕೊಡಬೇಕಾದದ್ದು ಕ್ಯಾಮೆರಾದಿಂದ ಬಂದ ಮೂಲ ಫ್ರೇಮ್, ಬಣ್ಣದ ಕ್ರಮ ಬದಲಿಸಿದ್ದಲ್ಲ. ಇಮ್‌ರೈಟ್‌ಗೆ ಬೇಕಿರುವುದು ಓಪನ್‌ಸಿವಿಯದೇ ಕ್ರಮ. ಪರದೆಯಲ್ಲಿ ಸರಿ ಇದ್ದು ಫೋಟೋದಲ್ಲಿ ನೀಲಿ ಮುಖ ಬಂದರೆ ಇದೇ ಕಾರಣ.

ಫೋಲ್ಡರ್ ಹೆಸರು ಕನ್ನಡದಲ್ಲಿದ್ದರೆ ವಿಂಡೋಸ್‌ನಲ್ಲಿ ಇಮ್‌ರೈಟ್ ಕೈಕೊಡಬಹುದು. ಫೈಲ್ ಕಾಣುವುದಿಲ್ಲ, ಎರರ್ ಕೂಡ ಬರುವುದಿಲ್ಲ. ಆಗ ಇಮ್‌ಎನ್‌ಕೋಡ್‌ನಿಂದ ಚಿತ್ರವನ್ನು ಬೈಟ್‌ಗಳಾಗಿ ಮಾಡಿ, ಪೈಥಾನ್‌ನ ಮಾಮೂಲಿ ಓಪನ್‌ನಿಂದ ಬರೆಯಿರಿ. ಅದಕ್ಕೆ ಕನ್ನಡ ಹೆಸರಿನ ತಕರಾರಿಲ್ಲ. ಹಾಗೇ, ವಿಡಿಯೋ ಮೇಲೆ ಕನ್ನಡ ಅಕ್ಷರ ಬರೆಯಲು ಪುಟ್‌ಟೆಕ್ಸ್ಟ್ ಬಳಸಬೇಡಿ, ಬರೀ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಸಮಯ, ಹೆಸರು ಏನಿದ್ದರೂ ವಿಡಿಯೋ ಕೆಳಗೆ ಒಂದು ಲೇಬಲ್ ಇಟ್ಟು ಅಲ್ಲಿ ತೋರಿಸುವುದು ಸರಳ, ಒತ್ತಕ್ಷರಗಳೂ ಚೆನ್ನಾಗಿ ಕೂರುತ್ತವೆ.

ಹಂತ 6: ಮುಚ್ಚುವುದು

ವಿಂಡೋ ಮುಚ್ಚಿದ ಮೇಲೂ ಕ್ಯಾಮೆರಾದ ದೀಪ ಉರಿಯುತ್ತಿದ್ದರೆ ಬಳಸುವವರಿಗೆ ಭಯ ಆಗುತ್ತದೆ. ಆಗಬೇಕಾದದ್ದೇ. ಈ ಹಂತವನ್ನು ಕೊನೆಗೆ ನೋಡೋಣ ಅಂತ ಬಿಡಬೇಡಿ.

ಟಿಕೆಇಂಟರ್‌ನ ಪ್ರೋಟೋಕಾಲ್ ಮೂಲಕ ವಿಂಡೋದ ಮುಚ್ಚುವ ಗುರುತಿಗೆ ನಿಮ್ಮ ಫಂಕ್ಷನ್ ಜೋಡಿಸಿ. ಅದರೊಳಗೆ ಮೊದಲು ‘ನಿಲ್ಲು’ ಅನ್ನುವ ಫ್ಲ್ಯಾಗ್ ಎತ್ತಿ. ಕ್ಯಾಮೆರಾ ಥ್ರೆಡ್ ಅದನ್ನು ನೋಡಿ ತನ್ನ ಲೂಪ್‌ನಿಂದ ಹೊರಬಂದು ತಾನೇ ರಿಲೀಸ್ ಕರೆಯಲಿ. ತೆರೆದವರೇ ಮುಚ್ಚಬೇಕು. ಥ್ರೆಡ್ ಇನ್ನೂ ಓದುತ್ತಿರುವಾಗ ಮುಖ್ಯ ಥ್ರೆಡ್‌ನಿಂದ ರಿಲೀಸ್ ಕರೆದರೆ ಆ್ಯಪ್ ಕ್ರ್ಯಾಶ್ ಆಗಬಹುದು. ಥ್ರೆಡ್ ಮುಗಿಯಲಿ ಅಂತ ಕಾಯುವ ಜಾಯಿನ್‌ಗೆ ಎರಡು ಸೆಕೆಂಡ್ ಗಡುವು ಕೊಟ್ಟು ಕಾಯಿರಿ, ಬಾಕಿ ಇರುವ ಆಫ್ಟರ್ ರದ್ದು ಮಾಡಿ, ಕೊನೆಗೆ ವಿಂಡೋ ಮುಚ್ಚಿ. ಥ್ರೆಡ್ ಡೀಮನ್ ಆಗಿರಲಿ, ಅದು ಎಲ್ಲಾದರೂ ಸಿಕ್ಕಿಹಾಕಿಕೊಂಡರೂ ಆ್ಯಪ್ ಮುಚ್ಚುತ್ತದೆ. ‘ನಿಲ್ಲಿಸು’ ಬಟನ್ ಕೂಡ ಚಿತ್ರವನ್ನು ಮಾತ್ರ ನಿಲ್ಲಿಸದೆ ಕ್ಯಾಮೆರಾವನ್ನೇ ಬಿಟ್ಟುಕೊಡಬೇಕು. ದೀಪ ಆರಬೇಕು.

ನೆಟ್‌ವರ್ಕ್ ಕ್ಯಾಮೆರಾ ಆದರೆ

0 ಇದ್ದ ಜಾಗದಲ್ಲಿ ಕ್ಯಾಮೆರಾದ ಆರ್‌ಟಿಎಸ್‌ಪಿ (ನೆಟ್‌ವರ್ಕ್ ಮೂಲಕ ವಿಡಿಯೋ ಕಳಿಸುವ ಒಂದು ವಿಧಾನ) ವಿಳಾಸ ಕೊಡಿ, ಉಳಿದದ್ದೆಲ್ಲ ಹಾಗೇ. ಇಲ್ಲಿ ಥ್ರೆಡ್ ಇಲ್ಲದೆ ಆಗುವುದೇ ಇಲ್ಲ, ನೆಟ್‌ವರ್ಕ್ ಹೋದರೆ ರೀಡ್ ಎಷ್ಟೋ ಸೆಕೆಂಡ್ ನಿಂತುಬಿಡಬಹುದು. ಆ ವಿಳಾಸದಲ್ಲೇ ಪಾಸ್‌ವರ್ಡ್ ಸೇರಿರುವುದರಿಂದ ಅದನ್ನು ಕೋಡ್‌ನಲ್ಲಿ ಬರೆಯಬೇಡಿ, ಬೇರೆ ಸೆಟ್ಟಿಂಗ್ಸ್ ಫೈಲ್‌ನಲ್ಲಿಡಿ.

ಬೇರೆಯವರಿಗೆ ಕೊಡುವ ಮೊದಲು

ಆ್ಯಪ್ ಓಡುತ್ತಿರುವಾಗಲೇ ಯುಎಸ್‌ಬಿ ಕೇಬಲ್ ಕಿತ್ತು ನೋಡಿ. ರೀಡ್ ಈಗ ‘ಅಲ್ಲ’ ಅನ್ನಲು ಶುರು ಮಾಡುತ್ತದೆ, ಅದೂ ಕಾಯದೆ, ಒಂದರ ಹಿಂದೆ ಒಂದು. ಥ್ರೆಡ್‌ನಲ್ಲಿ ಸಣ್ಣ ನಿದ್ದೆ (ಸ್ಲೀಪ್) ಇಟ್ಟಿಲ್ಲ ಅಂದರೆ ಪ್ರೊಸೆಸರ್‌ನ ಒಂದು ಕೋರ್ ಪೂರ್ತಿ ಅದಕ್ಕೇ ಹೋಗುತ್ತದೆ. ಫ್ರೇಮ್ ತಪ್ಪಿದಾಗ 100 ಮಿಲಿಸೆಕೆಂಡ್ ಮಲಗಿಸಿ. ಸತತವಾಗಿ ಹತ್ತಿಪ್ಪತ್ತು ಸಲ ತಪ್ಪಿದರೆ ರಿಲೀಸ್ ಮಾಡಿ, ‘ಕ್ಯಾಮೆರಾ ಸಂಪರ್ಕ ತಪ್ಪಿದೆ’ ಅಂತ ವಿಂಡೋದಲ್ಲಿ ಕಾಣಿಸಿ, ಎರಡು ಸೆಕೆಂಡ್‌ಗೊಮ್ಮೆ ಮತ್ತೆ ತೆರೆಯಲು ನೋಡಿ. ಕೊನೆಯ ಫ್ರೇಮನ್ನು ಪರದೆಯ ಮೇಲೆ ಹಾಗೇ ಬಿಡಬೇಡಿ, ನೋಡುವವರು ಅದನ್ನು ಈಗಿನ ದೃಶ್ಯ ಅಂದುಕೊಳ್ಳುತ್ತಾರೆ. ಆ ಜಾಗ ಬೂದು ಮಾಡಿ. ಕೇಬಲ್ ಮತ್ತೆ ಚುಚ್ಚಿದಾಗ ಯಾವ ಬಟನ್ ಒತ್ತದೆ ಚಿತ್ರ ವಾಪಸ್ ಬರಬೇಕು, ಆ ನಡುವೆ ವಿಂಡೋವನ್ನು ಎಳೆದಾಡಿದರೂ ಅದು ಕೈಗೆ ಬರುತ್ತಿರಬೇಕು.